ಐದು ಪಾಠಾಂತರಗಳ ಪರೀಕ್ಷೆ

೨೦೨೩ನೆಯ ಇಸವಿಯ ಜೂನ್ ೧೧, ಭಾನುವಾರ. ಆಧಾರ: ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ತೂಗುಹಾಕಿದ್ದ ಪಂಚಾಂಗದ ಕ್ಯಾಲೆಂಡರು. ಹಾಲು ಬಾರದ ದಿನ, ಸಿಲಿಂಡರು ಬದಲಿಸಿದ ದಿನ, ಮನೆಗೆ ಬಂದುಹೋದವರು ಯಾರು ಎಂಬುದನ್ನೆಲ್ಲ ನನ್ನ ಪತ್ನಿ ಅದರ ಚೌಕಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾಳೆ. ಆ ಭಾನುವಾರದ ಚೌಕದಲ್ಲಿ ‘ಬೈಂಡರ ಮಗಳು’ ಎಂದಿದೆ. ನನ್ನ ನೆನಪಿನಲ್ಲಿ ಆಕೆ ಮೊದಲ ಸಲ ಬಂದದ್ದು ಜುಲೈ ತಿಂಗಳಿನಲ್ಲಿ, ಜಿಟಿಜಿಟಿ ಮಳೆ ಹಿಡಿದಿದ್ದಾಗ. ಕ್ಯಾಲೆಂಡರಿನ ಮಾತನ್ನು ಆಕೆಯ ಮೊಬೈಲಿನಲ್ಲಿ ಉಳಿದಿದ್ದ ಸಂದೇಶದೊಂದಿಗೆ ತಾಳೆ ನೋಡಿದೆ. ಅದೂ ಜೂನ್ ೧೧ ಎಂದೇ ಹೇಳಿತು. ಪರಸ್ಪರ ಸಂಬಂಧವಿಲ್ಲದ ಎರಡು ಆಧಾರಗಳು ಒಂದೇ ದಿನವನ್ನು ಹೇಳುವಾಗ ಮೂರನೆಯದಾದ ನೆನಪು ಹಿಂದೆ ಸರಿಯಬೇಕು. ಆದ್ದರಿಂದ ಮಳೆಯನ್ನು ಈ ಬರಹದಿಂದ ತೆಗೆದುಹಾಕಿದ್ದೇನೆ.

ಬೈಂಡರರು ಎಂದರೆ ನಾನು ಕೆಲಸ ಮಾಡುತ್ತಿದ್ದ ಸಂಶೋಧನ ಸಂಸ್ಥೆಯ ಗ್ರಂಥಗಳಿಗೆ ಬಹುಕಾಲ ರಟ್ಟು ಕಟ್ಟಿಕೊಟ್ಟವರು. ಅವರ ಮಗಳು ಚಿಕ್ಕವಳಿದ್ದಾಗ ತಂದೆಯ ಸೈಕಲ್ಲಿನ ಹಿಂದೆ ಕುಳಿತು ಬಂದು, ನನ್ನ ಮೇಜಿನ ಕೆಳಗೆ ಚಿಂದಿ ಕಾಗದದ ದೋಣಿ ಮಾಡುತ್ತಿದ್ದಳು; ಅಂದಿನಿಂದಲೂ ನನ್ನನ್ನು ಕಾಕಾ ಎನ್ನುತ್ತಾಳೆ. ಈಗ ಮೂವತ್ತು ದಾಟಿದ ಗೃಹಿಣಿ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಮನೆ, ಸತ್ತೂರಿನ ಕಡೆಯ ಒಂದು ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ. ಆಕೆ ಬರುವ ಮೊದಲು ತಂದೆಯೇ ಫೋನು ಮಾಡಿದ್ದರು.

“ಸಾಹೇಬ್ರ, ನನ್ನ ಮಗಳ ಇಂಗ್ಲಿಷ್ ಹಾಳಿ ಒಂದೀಟ ಕಿತ್ತಾವ್ರಿ. ನೀವು ಹೊಲಿದು ಕೊಟ್ರ ರಟ್ಟು ನಾ ಹಾಕ್ಕೋತೇನಿ.”

ಸಮಸ್ಯೆ ಹೀಗಿತ್ತು. ಆಸ್ಪತ್ರೆಯ ಆಡಳಿತಾಧಿಕಾರಿಯ ಹುದ್ದೆ ಸದ್ಯದಲ್ಲೇ ತೆರವಾಗಲಿತ್ತು. ಅದಕ್ಕೆ ಆಸ್ಪತ್ರೆ ನಿರ್ವಹಣೆಯ ಸ್ನಾತಕೋತ್ತರ ಪದವಿ ಬೇಕು. ಆ ಪದವಿಯ ಪ್ರವೇಶಕ್ಕೆ ಕಂಪ್ಯೂಟರಿನ ಮುಂದೆ ಕುಳಿತು ಬರೆಯುವ ಒಂದು ಪರೀಕ್ಷೆಯ ಅಂಕ ಬೇಕು. ಈ ವರ್ಷ ಪ್ರವೇಶ ದೊರೆತರೆ ಹುದ್ದೆಯನ್ನು ಆಕೆಗೇ ಕಾದಿರಿಸುವುದಾಗಿಯೂ, ಇಲ್ಲವಾದರೆ ಹೊರಗಿನವರನ್ನು ನೇಮಿಸುವುದಾಗಿಯೂ ಆಡಳಿತ ಮಂಡಳಿ ತಿಳಿಸಿತ್ತು. ಹಿಂದೆ ಎರಡು ಸಲ ಬರೆದಿದ್ದಳು. ಗಣಿತ, ತರ್ಕ, ಗದ್ಯಭಾಗದ ಗ್ರಹಿಕೆ ಎಲ್ಲದರಲ್ಲಿಯೂ ಸಾಕಷ್ಟು ಅಂಕ. ಎರಡು ಸಲವೂ ಕೈಕೊಟ್ಟದ್ದು ಒಂದೇ ಬಗೆಯ ಪ್ರಶ್ನೆ: ವಾಕ್ಯ ತಿದ್ದುವುದು.

“ನಾ ಕೆಲಸ ಕಲಿಸಿದ ಇಬ್ರು ಈಗ ನನ್ನ ರಜಾ ಚೀಟಿ ಮ್ಯಾಲೆ ಸಹಿ ಮಾಡ್ತಾರ್ರಿ ಕಾಕಾ,” ಎಂದಳು. “ಮೂರನೇದಾಂವ ಬಂದು ಸಹಿ ಮಾಡೂದು ನನಗ ಬ್ಯಾಡಾಗೈತಿ.”

ಆ ಪ್ರಶ್ನೆಗಳನ್ನು ನಾನು ಅಂದೇ ಮೊದಲ ಬಾರಿಗೆ ನೋಡಿದೆ. ಒಂದು ಉದ್ದನೆಯ ಇಂಗ್ಲಿಷ್ ವಾಕ್ಯವಿರುತ್ತದೆ. ಅದರ ಒಂದು ಭಾಗಕ್ಕೆ ಅಡಿಗೆರೆ ಎಳೆದಿರುತ್ತಾರೆ. ಕೆಳಗೆ ಐದು ಆಯ್ಕೆಗಳು: ಮೊದಲನೆಯದು ಮೂಲದಂತೆಯೇ, ಉಳಿದ ನಾಲ್ಕು ಆ ಭಾಗದ ಬೇರೆ ಬೇರೆ ರೂಪಗಳು. ಐದರಲ್ಲಿ ಒಂದು ಮಾತ್ರ ನಿರ್ದೋಷ. ಹಾಳೆಯನ್ನು ನೋಡುತ್ತಿದ್ದಂತೆ ನನಗೆ ಪರಿಚಿತರನ್ನು ಕಂಡಂತಾಯಿತು. ಶಾಸನ ಮತ್ತು ಹಸ್ತಪ್ರತಿಗಳ ಪಾಠವನ್ನು ನಿರ್ಣಯಿಸುವುದೇ ನನ್ನ ವೃತ್ತಿಯಾಗಿತ್ತು. ಒಂದೇ ಕೃತಿಯ ಐದು ಪ್ರತಿಗಳಲ್ಲಿ ಒಂದೇ ಸಾಲು ಐದು ಬಗೆಯಾಗಿ ದೊರೆತರೆ ಅವನ್ನು ಪಾಠಾಂತರಗಳು ಎನ್ನುತ್ತೇವೆ. ಅವುಗಳಲ್ಲಿ ಕವಿ ಬರೆದದ್ದು ಯಾವುದು, ಪ್ರತಿ ಮಾಡಿದ ಲಿಪಿಕಾರನ ಕೈಯಲ್ಲಿ ಕೆಟ್ಟದ್ದು ಯಾವುದು ಎಂದು ತೀರ್ಮಾನಿಸುತ್ತೇವೆ. ಇಲ್ಲಿ ಪ್ರತಿಗಳನ್ನು ಹುಡುಕಿಕೊಂಡು ಊರೂರು ತಿರುಗುವ ಶ್ರಮವೂ ಇರಲಿಲ್ಲ. ಐದನ್ನೂ ಒಂದರ ಕೆಳಗೊಂದು ಅಚ್ಚಿಸಿ ಕೊಟ್ಟಿದ್ದರು.

“ಇದನ್ನ ನಾವು ಗೆಲ್ತೇವಿ,” ಎಂದೆ. ಆ ಮಾತನ್ನು ಇಂದಿಗೂ ಹಿಂತೆಗೆದುಕೊಳ್ಳುವುದಿಲ್ಲ; ಅದಕ್ಕೆ ತಗಲುವ ಕಾಲವನ್ನಷ್ಟೇ ತಪ್ಪಾಗಿ ಅಂದಾಜಿಸಿದ್ದೆ.

ಆಕೆ ಹೇಗೆ ತಪ್ಪುತ್ತಾಳೆ ಎಂಬುದನ್ನು ಮೊದಲು ನೋಡಬೇಕಿತ್ತು. ಹಳೆಯ ಅಭ್ಯಾಸ ಪತ್ರಿಕೆಯೊಂದನ್ನು ಎದುರಿಗೇ ಬಿಡಿಸಲು ಹೇಳಿದೆ. ಬಹುತೇಕ ಎಲ್ಲ ಕಡೆಯೂ ಅತ್ಯಂತ ಉದ್ದನೆಯ, ಅತ್ಯಂತ ವಿನಯದ ಆಯ್ಕೆಗೇ ಆಕೆಯ ಬೆರಳು ಹೋಗುತ್ತಿತ್ತು. ಕಾರಣ ಕೇಳಿದೆ.

“ಸಣ್ಣ ವಾಕ್ಯ ಆರಿಸಿದ್ರ ಮರ್ಯಾದಿ ಕಮ್ಮಿ ಆದಂಗ ಅನಸ್ತೈತ್ರಿ.”

“ಯಾರ ಮರ್ಯಾದಿ?”

“ಓದಾವರದ್ರಿ. ನಮ್ಮ ಕಚೇರಿ ಪತ್ರದಾಗ ‘ನೀವು ಹಣ ತುಂಬಿಲ್ಲ’ ಅಂತ ಬರದ್ರ ಬೈತಾರ. ‘ಹಣ ತುಂಬಲಾಗಿರುವುದು ಕಂಡುಬರುತ್ತಿಲ್ಲ’ ಅಂತ ಬರೀಬೇಕು. ಹತ್ತು ವರ್ಷ ಅದನ್ನ ಬರದೇನಿ.”

ಧಾರವಾಡ ಸೀಮೆಯಲ್ಲಿ ಬೆಳೆದವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಎದುರಿನವರ ಮೇಲೆ ಕ್ರಿಯಾಪದವನ್ನು ನೇರವಾಗಿ ಹೇರದಿರುವುದು ನಮ್ಮಲ್ಲಿ ಸೌಜನ್ಯ. ಪತ್ರವ್ಯವಹಾರದ ಇಂಗ್ಲಿಷೂ ಅದೇ ಸೌಜನ್ಯವನ್ನು ಮೈಗೂಡಿಸಿಕೊಂಡಿದೆ: ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ತಾನಾಗಿಯೇ ಆಗುತ್ತದೆ. ಪರೀಕ್ಷೆಯ ಇಂಗ್ಲಿಷಿಗೆ ಈ ಮರ್ಯಾದೆ ತಿಳಿಯದು. ಅಲ್ಲಿ ಮಾಡಿದವನು ಯಾರು ಎಂಬುದು ಸ್ಪಷ್ಟವಾಗಿರಬೇಕು.

ಹೀಗಾಗಿ ಕಿವಿಯ ಮೇಲೆ ಭರವಸೆ ಇಡುವುದನ್ನು ಬಿಡಿಸುವುದೇ ಮೊದಲ ಕೆಲಸವಾಯಿತು. ಐದು ಆಯ್ಕೆಗಳನ್ನು ಒಂದೊಂದಾಗಿ ಅಡ್ಡಲಾಗಿ ಓದುವ ಬದಲು, ಮೇಲಿನಿಂದ ಕೆಳಗೆ ಕಂಬದಂತೆ ಓದಲು ಕಲಿಸಿದೆ. ಐದರ ಮೊದಲ ಪದಗಳಲ್ಲಿ ವ್ಯತ್ಯಾಸವಿದೆಯೇ? ಇಲ್ಲವಾದರೆ ಮುಂದಕ್ಕೆ. ಎಲ್ಲಿ ಮೂರು ಒಂದು ಕಡೆ, ಎರಡು ಇನ್ನೊಂದು ಕಡೆ ಒಡೆಯುತ್ತವೆಯೋ ಅಲ್ಲಿ ನಿಲ್ಲಬೇಕು. ಅದೇ ಪರೀಕ್ಷಕ ಕೇಳುತ್ತಿರುವ ಪ್ರಶ್ನೆ, ಉಳಿದದ್ದು ಅಲಂಕಾರ. ನಾವು ಹಸ್ತಪ್ರತಿಗಳಿಗೆ ಮಾಡುವಂತೆ ಒಂದು ಕೋಷ್ಟಕ ಹಾಕಿ, ಪ್ರತಿಯೊಂದು ಪಾಠವನ್ನು ಬಿಡಲು ಕಾರಣವನ್ನು ಎದುರಿಗೆ ಬರೆಯುವ ಪದ್ಧತಿಯನ್ನೂ ಜಾರಿಗೆ ತಂದೆ. ಕಾರಣವಿಲ್ಲದೆ ಒಂದು ಪಾಠವನ್ನೂ ಕೈಬಿಡಕೂಡದು ಎಂಬುದು ನಮ್ಮ ಶಾಸ್ತ್ರದ ಮೊದಲ ಸೂತ್ರ.

ಆಕೆ ಲಗೂನೆ ಹಿಡಿದಳು. ಒಂದು ವಾಕ್ಯ ನನಗೆ ಚೆನ್ನಾಗಿ ನೆನಪಿದೆ. ಅದರ ಕನ್ನಡ ಭಾವ ಹೀಗೆ: ‘ಇಪ್ಪತ್ತು ವರ್ಷ ಜೇನುಹುಳುಗಳನ್ನು ಅಧ್ಯಯನ ಮಾಡಿ, ಗೂಡುಗಳ ಅವನತಿಯು ವಿಜ್ಞಾನಿಯನ್ನು ಬೆರಗುಗೊಳಿಸಿತು.’ ಇದರಲ್ಲಿ ದೋಷವೇನು ಎಂದು ಕೇಳಿದೆ. ಎರಡು ಸಲ ಓದಿ ನಗತೊಡಗಿದಳು.

“ಅಂದ್ರ ಅವನತಿನ ಇಪ್ಪತ್ತ ವರ್ಷ ಓದೈತಿ ಅಂದಂಗಾತಲ್ರಿ! ವಿಜ್ಞಾನಿ ಸುಮ್ನ ಕುಂತಿದ್ದಾ?”

“ಖರೇ. ಯಾರು ಓದ್ಯಾರ ಅವರ ಹೆಸರು ಅಲ್ಪವಿರಾಮ ಆದ ಕೂಡಲೆ ಬರಬೇಕು. ಐದರಾಗ ಎಷ್ಟು ಪಾಠ ಹಂಗ ಅವ?”

“ಎರಡ.”

“ಉಳಿದ ಮೂರು ಬಿಟ್ಟಿ. ಕಾರಣ ಬರಿ.”

ಇಲ್ಲಿಯವರೆಗೆ ಎಲ್ಲ ಸುಗಮ. ಉಳಿದ ಎರಡರಲ್ಲಿ ಒಂದನ್ನು ಆರಿಸುವಾಗ ನಾನು ನಮ್ಮ ಶಾಸ್ತ್ರದ ಎರಡನೆಯ ಸೂತ್ರವನ್ನು ಕಲಿಸಿದೆ. ಪಾಠಸಂಪಾದಕರು ಎರಡು ಪಾಠಗಳ ನಡುವೆ ತೂಗುವಾಗ ಕಠಿಣವಾದದ್ದನ್ನೇ ಮೂಲವೆಂದು ಎಣಿಸುವುದು ವಾಡಿಕೆ. ಲಿಪಿಕಾರನಿಗೆ ಅರ್ಥವಾಗದ ಪದ ಬಂದರೆ ಅದನ್ನು ತನಗೆ ತಿಳಿದ ಸುಲಭ ಪದಕ್ಕೆ ಬದಲಿಸುತ್ತಾನೆ. ಸುಲಭವಾದದ್ದನ್ನು ಕಠಿಣಕ್ಕೆ ಬದಲಿಸುವವನು ವಿರಳ. ಆದ್ದರಿಂದ ಗೊಂದಲವಾದರೆ ಕಠಿಣ ಪಾಠವನ್ನು ಹಿಡಿ ಎಂದು ಹೇಳಿಕೊಟ್ಟೆ. ಆಕೆ ಶಿರಸಾವಹಿಸಿ ಪಾಲಿಸಿದಳು. ಮುಂದಿನ ಎರಡು ಭಾನುವಾರಗಳ ಅಭ್ಯಾಸದಲ್ಲಿ ಆಕೆಯ ಅಂಕಗಳು ಮೊದಲಿಗಿಂತ ಕೆಳಗಿಳಿದವು. ಪತ್ರಿಕೆಯೇ ದೋಷಯುಕ್ತವಿರಬೇಕೆಂದು ನಾನು ಬೇರೊಂದು ಪತ್ರಿಕೆ ತರಿಸಿದೆ. ಅದರಲ್ಲಿ ಇನ್ನೂ ಇಳಿದವು.

ನನ್ನ ಪತ್ನಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದವಳು ಚಹಾದ ಕಪ್ಪುಗಳನ್ನು ಹಿಡಿದು ಬಂದಳು.

“ಅಲ್ರೀ, ನಿಮ್ಮ ಲಿಪಿಕಾರ ಪಾಪ ತಿಳೀಲಾರದ ತಪ್ಪು ಮಾಡ್ತಿದ್ದ. ಅಂವ ಸತ್ತು ಎಂಟನೂರು ವರ್ಷ ಆತು. ಈ ಪ್ರಶ್ನಿ ತಗದಾಂವ ಜೀವಂತ ಇದ್ದಾನ. ಬೇಕಂತನ ತಪ್ಪು ಮಾಡ್ತಾನ. ಅಂವಗ ಪಗಾರ ಕೊಡೂದ ನಿಮ್ಮನ್ನ ಬೀಳಸ್ಲಿಕ್ಕೆ.”

ಬೈಂಡರರ ಮಗಳು ಚಹಾ ಕುಡಿಯುತ್ತಿದ್ದವಳು ನಗು ತಡೆಯಲಾರದೆ ಕಪ್ಪನ್ನು ಕೆಳಗಿಟ್ಟಳು. “ಕಾಕೂ, ಇದನ್ನ ಹದಿನೈದು ದಿನದ ಹಿಂದ ಹೇಳಬಾರದೇನ್ರಿ?”

“ನಿಮ್ಮ ಕಾಕಾ ಸೂತ್ರ ಹೇಳೂ ಮುಂದ ನಡುವ ಬಾಯಿ ಹಾಕಿದ್ರ ಊಟ ಬಿಡ್ತಾರವ್ವಾ.”

ಊಟ ಬಿಟ್ಟ ಪ್ರಸಂಗ ಒಂದೂ ಇಲ್ಲ. ಉಳಿದಂತೆ ನನ್ನ ಪತ್ನಿಯ ತರ್ಕ ಸರಿಯಾಗಿತ್ತು. ತಿರುಚಿದ ಪಾಠವನ್ನು ಇಲ್ಲಿ ಬಲೆಯಾಗಿಯೇ ಹೆಣೆದಿರುತ್ತಾರೆ. ಎರಡನೆಯ ಸೂತ್ರವನ್ನು ಅಲ್ಲಿಗೇ ರದ್ದುಪಡಿಸಿ, ಬದಲಿಗೆ ಮತ್ತೊಂದು ಇಟ್ಟೆ: ಉಳಿದ ಎರಡರ ಅರ್ಥವನ್ನೂ ನಮ್ಮ ಮನೆಮಾತಿನಲ್ಲಿ ಹೇಳಿ ನೋಡುವುದು. ಯಾವುದರಲ್ಲಿ ‘ಯಾರು ಏನು ಮಾಡಿದರು’ ಎಂಬುದು ಎಡವದೆ ಬರುತ್ತದೆಯೋ ಅದು ಉತ್ತರ. ಅಂಕಗಳು ಮೇಲೇರಿದವು. ಜುಲೈ ಮಧ್ಯದ ವೇಳೆಗೆ ಆಕೆ ಬಿಡಿಸಿದ ವಾಕ್ಯಗಳಲ್ಲಿ ತಪ್ಪು ಸಿಗುವುದೇ ಅಪರೂಪವಾಯಿತು.

ಆ ವರ್ಷ ಶ್ರಾವಣ ಅಧಿಕವಾಗಿತ್ತು. ಅಧಿಕ ಮಾಸದ ಒಂದು ಭಾನುವಾರ ಆಕೆ ನಮ್ಮ ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪೂರ್ತಿ ಅಣಕು ಪರೀಕ್ಷೆಗೆ ಕುಳಿತಳು. ಅಧಿಕ ಮಾಸದ ವಾಡಿಕೆಯಂತೆ ನಮ್ಮ ಅಳಿಯನಿಗೆ ಕೊಡುವ ಅನಾರಸ ಎಂಬ ಸಿಹಿತಿಂಡಿಯನ್ನು ನನ್ನ ಪತ್ನಿ ಅಂದೇ ಕರಿಯಲು ಕೂತಿದ್ದಳು. ತುಪ್ಪದ ವಾಸನೆ ಮನೆಯೆಲ್ಲ ತುಂಬಿತ್ತು. ನಾನು ಕದ ಎಳೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಸಮಯ ಮುಗಿದ ಮೇಲೆ ಒಳಗೆ ಹೋದಾಗ ಆಕೆ ತೆರೆಯನ್ನು ನನ್ನ ಕಡೆಗೆ ತಿರುಗಿಸಿದಳು. ಉತ್ತರಿಸಿದ ವಾಕ್ಯಗಳೆಲ್ಲ ಹೆಚ್ಚುಕಡಿಮೆ ಸರಿ. ಆದರೆ ಆ ವಿಭಾಗದ ಮೂರನೆಯ ಒಂದು ಭಾಗಕ್ಕೆ ಕೈಯೇ ಹಚ್ಚಿರಲಿಲ್ಲ. ಒಟ್ಟು ಅಂಕ ಕಳೆದ ವರ್ಷಕ್ಕಿಂತ ಕಡಿಮೆ.

“ನಾವು ಒಂದ ಪ್ರಶ್ನಿಗೆ ಎಲಿ ಹಾಸಿ, ಉಂಡು, ಎಲಿಅಡಿಕಿ ಹಾಕ್ಕೋತೇವ್ರಿ ಕಾಕಾ,” ಎಂದಳು. “ಅಷ್ಟರಾಗ ಪಂಕ್ತಿನ ಎದ್ದ ಹೋಗಿರ್ತೈತಿ.”

ಮಾತು ತಮಾಷೆಯದಾದರೂ ದನಿ ಹಾಗಿರಲಿಲ್ಲ. ಪತ್ನಿ ತಟ್ಟೆಯಲ್ಲಿ ಅನಾರಸ ತಂದಿಟ್ಟಳು. ಆಕೆ ಮುಟ್ಟಲಿಲ್ಲ.

“ನಾಳೆ ಆಫೀಸಿಗೆ ಹೋಗಿ ಹೇಳಿಬಿಡ್ತೇನ್ರಿ. ಹೊರಗಿನಾವ್ರನ್ನ ತಗೋರಿ ಅಂತ. ಅವರು ಕೇಳಿ ಬ್ಯಾಡ ಅನ್ನೂಕಿಂತ ನಾವ ಮೊದಲ ಹೇಳೂದು ಛಲೋ.”

“ಇದೂ ನಿಮ್ಮ ಕಚೇರಿ ಪತ್ರದ ಮರ್ಯಾದಿ ಏನವಾ?” ಎಂದಳು ನನ್ನ ಪತ್ನಿ. “ಒಂದ ವಾರ ತಡಿ. ಅನಾರಸ ತಿನ್ನು, ಆರಿದ್ರ ಹಲ್ಲಿಗೆ ಹತ್ತತಾವ.”

ಆಕೆ ತಿಂದಳು, ಆದರೆ ವಾರ ತಡೆಯುವ ಮಾತಿಗೆ ಒಪ್ಪಿಗೆ ಕೊಡದೆಯೇ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೊರಟುಹೋದಳು.

ನಾನು ಕೋಷ್ಟಕಗಳನ್ನು ಮತ್ತೊಮ್ಮೆ ಹರವಿಕೊಂಡು ಕುಳಿತೆ. ಅವುಗಳಲ್ಲಿ ದೋಷವಿರಲಿಲ್ಲ. ಒಂದು ಗ್ರಂಥವನ್ನು ಸಂಪಾದಿಸಲು ಅವು ಸಾಕಿದ್ದವು. ಗ್ರಂಥಾಲಯದ ಮೇಜಿನ ಮೇಲೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ. ಪಾಠ ಇಂದು ತೀರ್ಮಾನವಾಗದಿದ್ದರೆ ಮುಂದಿನ ವರ್ಷ ಆದೀತು. ಆದರೆ ನನ್ನ ವೃತ್ತಿ ಮೇಜಿನ ಮೇಲಷ್ಟೇ ನಡೆದದ್ದಲ್ಲ. ಅರ್ಧ ಭಾಗ ಹೊಲ, ಕೆರೆಯ ಏರಿ, ಹಾಳು ಗುಡಿಗಳಲ್ಲಿ ನಡೆದದ್ದು. ಸವೆದ ಶಾಸನವನ್ನು ನೆತ್ತಿಯ ಬಿಸಿಲಿನಲ್ಲಿ ಓದಲಾಗುವುದಿಲ್ಲ. ಬಿಸಿಲು ಓರೆಯಾಗಿ ಬಿದ್ದು ಅಕ್ಷರದ ಅಂಚಿಗೆ ನೆರಳು ಕೊಡುವ ಹೊತ್ತು ಬಹಳ ಚಿಕ್ಕದು. ಅಷ್ಟರಲ್ಲಿ ಕಲ್ಲನ್ನು ಮೊದಲ ಸಾಲಿನಿಂದ ಕ್ರಮವಾಗಿ ಓದಲು ಹೊರಡುವವನು ಬರಿಗೈಯಲ್ಲಿ ಮರಳುತ್ತಾನೆ. ಮೊದಲ ಸಾಲುಗಳಲ್ಲಿ ಇರುವುದು ಪ್ರಶಸ್ತಿ, ಅಂದರೆ ಅರಸನ ಹೊಗಳಿಕೆ: ಅವನ ಬಿರುದುಗಳು, ವಂಶ, ಗೆದ್ದ ಯುದ್ಧಗಳು. ಅವು ಬೇರೆ ಹತ್ತು ಕಲ್ಲುಗಳಿಂದ ನಮಗೆ ಬಾಯಿಪಾಠ. ಕಲ್ಲು ನೆಟ್ಟ ಕಾರಣ ಕೆಳಗಿರುತ್ತದೆ: ಯಾರು, ಏನನ್ನು, ಯಾರಿಗೆ ಕೊಟ್ಟರು. ನಾವು ಬಗ್ಗಿ ಮೊದಲು ಆ ದಾನದ ಸಾಲನ್ನು ಹುಡುಕುತ್ತಿದ್ದೆವು. ಬೆಳಕು ಉಳಿದರೆ ಪ್ರಶಸ್ತಿ.

ಆಕೆಗೆ ನಾನು ಮೇಜಿನ ವಿದ್ಯೆಯನ್ನು ಕಲಿಸಿದ್ದೆ. ಪರೀಕ್ಷಾ ಕೇಂದ್ರ ಹೊಲವಾಗಿತ್ತು. ಅಂದು ತೆಗೆದುಕೊಂಡ ನಿರ್ಧಾರ ಒಂದೇ ಮಾತಿನದು: ಕೋಷ್ಟಕ ಬಂದ್. ಕಾರಣ ಬರೆಯದೆ ಪಾಠವನ್ನು ಕೈಬಿಡುವುದು ನನ್ನ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಆದರೂ ಆ ನಿರ್ಧಾರದ ಬಗ್ಗೆ ನನಗೆ ಒಂದು ಗಳಿಗೆಯೂ ಸಂಶಯ ಬರಲಿಲ್ಲ. ಫೋನು ಮಾಡಿ, ಭಾನುವಾರ ಬರಲೇಬೇಕೆಂದೂ, ಬರುವಾಗ ಪೆನ್ನು ತರಬಾರದೆಂದೂ, ತಂದೆಯ ಅಂಗಡಿಯಿಂದ ಒಂದಿಷ್ಟು ರಟ್ಟಿನ ಪಟ್ಟಿ ತರಬೇಕೆಂದೂ ಹೇಳಿದೆ.

“ಪೆನ್ನ ಇಲ್ಲದ ಓದೂದು ಹೆಂಗ್ರಿ?”

“ಬಾ. ಕಲ್ಲು ಓದೂದು ಕಲಿಸ್ತೇನಿ.”

ಬಂದಳು. ಆಫೀಸಿನಲ್ಲಿ ಇನ್ನೂ ಏನನ್ನೂ ಹೇಳಿರಲಿಲ್ಲ. ನಾನು ಒಂದು ವಾಕ್ಯವನ್ನು ಮುಂದಿಟ್ಟೆ. ಔಷಧ ಮಳಿಗೆಗಳ ಒಂದು ಸಾಲಿನ ಕುರಿತಾದದ್ದು. ‘ಸಾಲು’ ಎಂಬ ಏಕವಚನದ ಕರ್ತೃಪದ ಮೊದಲಿಗೇ ಬರುತ್ತದೆ. ಆ ಬಳಿಕ ಎರಡು ನೆರೆಗಳು, ಮೂರು ಸರಕಾರಗಳು, ಹಲವು ದುರಸ್ತಿಗಳು ಎಂದು ಬಹುವಚನಗಳ ಮೆರವಣಿಗೆ. ಕ್ರಿಯಾಪದ ಬರುವ ಹೊತ್ತಿಗೆ ಓದುಗ ಸಾಲನ್ನು ಮರೆತು, ‘ವಾಸ್’ ಇರಬೇಕಾದಲ್ಲಿ ‘ವರ್’ ಎಂದರೂ ತಲೆಯಾಡಿಸುತ್ತಾನೆ. ನಾನು ರಟ್ಟಿನ ಪಟ್ಟಿಯನ್ನು ವಾಕ್ಯದ ನಡುಭಾಗದ ಮೇಲಿಟ್ಟೆ. ಎರಡು ತುದಿಗಳು ಮಾತ್ರ ಉಳಿದವು: ಸಾಲು, ಮುಚ್ಚಲಾಯಿತು.

“ಮುಚ್ಚಿದ್ದು ಪ್ರಶಸ್ತಿ. ಕಾಣೋದು ದಾನ. ಈಗ ಹೇಳು.”

“ಸಾಲು ಒಂದ. ಅಂದ್ರ ‘ವಾಸ್’. ಮೂರು ಆಯ್ಕೆ ಹೋದೂ.” ಇಲ್ಲದ ಪೆನ್ನಿಗಾಗಿ ಕೈ ಚಾಚಿ, “ಕಾರಣ ಬರೀಲೇನ್ರಿ?” ಎಂದಳು.

“ಬರೀಬ್ಯಾಡ. ಮುಂದಿಂದು.”

ಆಕೆ ನನ್ನ ಮುಖವನ್ನೇ ನೋಡಿದಳು. “ಕಾಕಾ, ಮೈಯಾಗ ಆರಾಮ ಅದೀರಿಲ್ಲೋ?”

ಅಂದಿನಿಂದ ನಮ್ಮ ಕ್ರಮ ಬದಲಾಯಿತು. ಮೊದಲು ಕೊಟ್ಟವನನ್ನೂ ಕೊಟ್ಟದ್ದನ್ನೂ ಹುಡುಕುವುದು. ಬಳಿಕ ಐದು ಆಯ್ಕೆಗಳು ಮೊದಲು ಒಡೆಯುವ ಜಾಗಕ್ಕೆ ನೇರವಾಗಿ ಹೋಗಿ, ಪ್ರತಿ ಪಾಠದಲ್ಲಿಯೂ ಕೊಲ್ಲುವಂಥ ಒಂದು ದೋಷ ಸಿಕ್ಕ ತಕ್ಷಣ ಅದನ್ನು ಬಿಡುವುದು. ಎರಡನೆಯ ದೋಷವನ್ನು ಹುಡುಕದಿರುವುದು. ಸತ್ತವನನ್ನು ಮತ್ತೆ ಕೊಲ್ಲಬೇಕಿಲ್ಲ. ಕೊನೆಗುಳಿದ ಎರಡನ್ನು ಮನೆಮಾತಿನಲ್ಲಿ ಹೇಳಿ ಆರಿಸುವುದು. ಆರಿಸಿದ ಮೇಲೆ ಹಿಂದಿರುಗಿ ನೋಡದಿರುವುದು, ಎಲ್ಲಿಯೂ ನಿಲ್ಲದಿರುವುದು.

ಸಮಯದ ಹೊಣೆಯನ್ನು ನನ್ನ ಪತ್ನಿ ವಹಿಸಿಕೊಂಡಳು. ಪ್ರತಿ ಪ್ರಶ್ನೆಯ ಅವಧಿ ಮುಗಿದೊಡನೆ ಸ್ಟೀಲಿನ ತಟ್ಟೆಗೆ ಸೌಟಿನಿಂದ ಬಡಿದು, ಪರೀಕ್ಷಾ ಕೊಠಡಿಯ ತನ್ನ ಹಳೆಯ ದನಿಯಲ್ಲಿ “ಮುಂದಕ್ಕ!” ಎನ್ನುತ್ತಿದ್ದಳು. ಆ ಸದ್ದಿಗೆ ಪಕ್ಕದ ಮನೆಯವರು ಒಮ್ಮೆ ಬಂದು ಮನೆಯಲ್ಲಿ ಏನಾದರೂ ಪೂಜೆಯೇ ಎಂದು ವಿಚಾರಿಸಿದರು. ಬೈಂಡರರ ಮಗಳಿಗೆ ಆಟ ರುಚಿಸಿತು. “ಈ ರಾಜಾ ಭಾಳ ಜಂಬದಾಂವ ಅದಾನ್ರಿ, ಮೂರು ಸಾಲು ಬರೇ ಬಿರುದು,” ಎಂದು ಪಟ್ಟಿ ಮುಚ್ಚುವಳು. “ಇಂವ ಏನೂ ಕೊಟ್ಟ ಇಲ್ರಿ, ಬರೇ ಪ್ರಶಸ್ತಿ,” ಎಂದು ಕ್ರಿಯಾಪದವೇ ಇಲ್ಲದ ವಾಕ್ಯವನ್ನು ಹಿಡಿದುಬಿಡುವಳು. ಪರೀಕ್ಷೆಯಲ್ಲಿ ತೆರೆಯ ಮೇಲೆ ರಟ್ಟು ಇಡಲು ಬಿಡುವುದಿಲ್ಲವಾದ್ದರಿಂದ, ಎರಡು ವಾರಗಳ ಬಳಿಕ ಪಟ್ಟಿಗಳನ್ನು ತೆಗೆದಿಟ್ಟು ಕಣ್ಣಿನಿಂದಲೇ ಮುಚ್ಚುವ ಅಭ್ಯಾಸ ಮಾಡಿಸಿದೆ.

ಕಷ್ಟವಾದದ್ದು ನನಗೆ. ಆಕೆ ಒಂದು ಪಾಠವನ್ನು ಸುಮ್ಮನೆ ಬಿಟ್ಟಾಗಲೆಲ್ಲ ಅದರ ಕಾರಣ ನನ್ನ ಬಾಯಿಯ ತುದಿಗೆ ಬರುತ್ತಿತ್ತು. ಮೂರು ಸಲ ಬಾಯಿ ಹಾಕಿದ ಮೇಲೆ ಪತ್ನಿ ಚವಳಿಕಾಯಿಯ ಬುಟ್ಟಿಯನ್ನು ತಂದು ನನ್ನ ಮಡಿಲಿಗಿಟ್ಟಳು.

“ಸೋಸ್ಕೋತ ಕೂಡ್ರಿ. ಕೈಗೆ ಕೆಲಸ ಇಲ್ಲದಿದ್ರ ನಿಮ್ಮ ಬಾಯಿ ಸುಮ್ಮನಿರೂದಿಲ್ಲ.”

ಒಂದು ಸಂಗತಿಯನ್ನು ಮಾತ್ರ ನಾನು ಆಕೆಗೆ ತಿಳಿದೂ ಹೇಳಲಿಲ್ಲ. ಎಲ್ಲೋ ಅಪರೂಪಕ್ಕೆ ಒಂದು ಕಲ್ಲಿನಲ್ಲಿ ಮುಖ್ಯ ಸಂಗತಿ ಪ್ರಶಸ್ತಿಯ ಒಳಗೇ ಅಡಗಿರುತ್ತದೆ. ಅದನ್ನು ಬಿಟ್ಟು ಓದಿದವನು ದಾನವನ್ನೇ ತಪ್ಪಾಗಿ ಓದುತ್ತಾನೆ. ಅಂಥ ವಾಕ್ಯಗಳೂ ಪರೀಕ್ಷೆಯಲ್ಲಿ ಬರುತ್ತವೆ: ಮುಚ್ಚಿಟ್ಟ ನಡುಭಾಗವೇ ಅರ್ಥವನ್ನು ತಿರುಗಿಸುತ್ತದೆ. ಇದನ್ನು ಹೇಳಿದ್ದರೆ ಆಕೆ ಪ್ರತಿ ವಾಕ್ಯದಲ್ಲಿಯೂ ಅದನ್ನೇ ಹುಡುಕುತ್ತ ನಿಲ್ಲುತ್ತಿದ್ದಳು. ಅಂಥದೊಂದು ಬಂದರೆ ತಪ್ಪಿಹೋಗಲಿ, ಅದರ ಬೆಲೆಯಲ್ಲಿ ಉಳಿದವು ದಕ್ಕಲಿ ಎಂದು ಲೆಕ್ಕಹಾಕಿದೆ. ಲೆಕ್ಕ ಸರಿಯೆಂದು ಇಂದಿಗೂ ನಂಬುತ್ತೇನೆ.

ಪರೀಕ್ಷೆ ನಿಜ ಶ್ರಾವಣ ಮುಗಿಯುವ ಹೊತ್ತಿಗೆ, ಗಣೇಶ ಚೌತಿಗೆ ಮೊದಲು, ಹುಬ್ಬಳ್ಳಿಯ ಒಂದು ಕೇಂದ್ರದಲ್ಲಿ ನಡೆಯಿತು. ಬೇಡವೆಂದರೂ ನಾನು ಹೋದೆ. ಎದುರಿನ ಚಹಾದ ಅಂಗಡಿಯಲ್ಲಿ ಬೈಂಡರರು ನನಗಿಂತ ಮೊದಲೇ ಬಂದು ಕುಳಿತಿದ್ದರು. ಮೇಜಿನ ಮೇಲಿದ್ದ ದಿನಪತ್ರಿಕೆಯ ಅಂಚುಗಳನ್ನು ಅವರು ಉಗುರಿನಿಂದ ತೀಡಿ ತೀಡಿ ನೇರ ಮಾಡುತ್ತಿದ್ದರು.

“ಸಾಹೇಬ್ರ, ಹೊಲಿಗಿ ಗಟ್ಟಿ ಐತೇನ್ರಿ?”

“ಗಟ್ಟಿ ಐತಿ.”

“ಹಂಗಾರ ಇನ್ನೊಂದು ಚಾ ಕುಡ್ಯೋಣು.”

ಆಕೆ ಹೊರಬಂದಳು. ರಸ್ತೆ ದಾಟುವ ಮೊದಲೇ ಕೈಯೆತ್ತಿ ಬೀಸಿದಳು.

“ಎಲ್ಲಾ ಮುಗಿಸೇನ್ರಿ ಕಾಕಾ! ಒಂದೂ ಬಿಟ್ಟಿಲ್ಲ. ಎಲ್ಲೂ ನಿಂತಿಲ್ಲ. ಕಿವ್ಯಾಗ ಬರೇ ಕಾಕೂನ ತಟ್ಟಿ ಸದ್ದು.”

“ನೋಡ್ರಿ,” ಎಂದರು ತಂದೆ ನನ್ನತ್ತ ತಿರುಗಿ, “ನನ್ನ ಮಗಳು ಎಲ್ಲೂ ನಿಲ್ಲದಾಕಿ!” ಆ ಮೇಲೆ ಅಂಗಡಿಗೆ ಬಂದವರಿಗೆಲ್ಲ ಅವರು ಇದನ್ನೇ ಹೇಳಿದರು.

ಅಂಕ ಸಾಕಷ್ಟು ಬಂದಿತು. ಪ್ರವೇಶವೂ ದೊರೆಯಿತು, ಹುದ್ದೆ ಆಕೆಗಾಗಿ ಕಾದಿದೆ ಎಂದು ಆಡಳಿತ ಮಂಡಳಿ ಪತ್ರ ಕೊಟ್ಟಿತು. ಆ ಪತ್ರದಲ್ಲಿ ‘ಕಾದಿರಿಸಲಾಗಿರುವುದು ತಿಳಿಯಪಡಿಸಲಾಗಿದೆ’ ಎಂದಿದ್ದುದನ್ನು ತಂದು ತೋರಿಸಿದಳು. “ಇದರಾಗ ಕಾದಿರಿಸಿದಾಂವ ಯಾರ್ರಿ? ಆ ಕುರ್ಚಿ ಮ್ಯಾಲೆ ಕುಂತ ಮ್ಯಾಲೆ ನಾ ಬರಿಯೂ ಮೊದಲನೇ ಪತ್ರದಾಗ ಮಾಡಿದಾವ್ರ ಹೆಸರು ಮೊದಲ ಇರ್ತೈತಿ.”

ನನ್ನ ಅನುಭವ ಕಥನ ಇಲ್ಲಿಗೆ ಮುಗಿಯಬೇಕಿತ್ತು. ಇದನ್ನು ಬರೆಯುವ ಮುನ್ನ ದಿನಾಂಕಗಳನ್ನು ತಾಳೆ ನೋಡಲೆಂದು ಪರೀಕ್ಷೆಯ ವಿವರವಾದ ಫಲಿತಾಂಶವನ್ನು ಆಕೆಯಿಂದ ತರಿಸಿಕೊಂಡೆ. ಅದರಲ್ಲಿ ಪ್ರತಿ ಪ್ರಶ್ನೆಗೆ ತಗಲಿದ ಸಮಯವನ್ನೂ ಉತ್ತರದ ಸರಿತಪ್ಪನ್ನೂ ನಮೂದಿಸಿರುತ್ತಾರೆ, ಪ್ರಶ್ನೆಯನ್ನು ಕೊಡುವುದಿಲ್ಲ. ವಾಕ್ಯ ತಿದ್ದುವ ಪ್ರಶ್ನೆಗಳ ಸಾಲಿನಲ್ಲಿ ಸಮಯದ ಗೆರೆಗಳು ಚಿಕ್ಕವಾಗಿ, ಒಂದರ ಪಕ್ಕ ಒಂದು ಸಮವಾಗಿ ನಿಂತಿವೆ. ನಡುವೆ ಒಂದು ಮಾತ್ರ ಉಳಿದವುಗಳ ನಾಲ್ಕರಷ್ಟು ಎತ್ತರ. ಅದರ ಉತ್ತರ ಸರಿ.

ನಾನು ಹೇಳದೆ ಬಿಟ್ಟ ಬಗೆಯ ವಾಕ್ಯವೇ ಅದಾಗಿತ್ತೋ ಎಂಬ ಶಂಕೆಯಿಂದ ಫೋನು ಮಾಡಿ ಕೇಳಿದೆ.

“ಸಾಧ್ಯನ ಇಲ್ರಿ,” ಎಂದಳು. “ನಾ ನಿಂತಿಲ್ಲ. ಅವರ ಮಶೀನ ತಪ್ಪಿರಬೇಕು.”

“ಆ ಪ್ರಶ್ನೆ ಏನಿತ್ತಂತ ನೆನಪೈತೇನು?”

“ಇಲ್ರಿ. ನಿಂತಿದ್ರ ನೆನಪಿರ್ತಿತ್ತಲ್ರಿ?”

ತಂದೆಗೆ ಆಕೆ ಎಲ್ಲೂ ನಿಲ್ಲದವಳು. ನನ್ನ ಪತ್ನಿಗೂ ಹಾಗೆಯೇ. ತಟ್ಟೆಯ ಸದ್ದು ಅಲ್ಲಿಯವರೆಗೆ ಮುಟ್ಟಿತೆಂಬ ಹೆಮ್ಮೆ ಅವಳಿಗಿದೆ. ನನಗೂ ಹಾಗೆಯೇ ನೆನಪು: ನಿಲ್ಲಬೇಡ ಎಂದು ಕಲಿಸಿದೆ, ಆಕೆ ನಿಲ್ಲಲಿಲ್ಲ. ನಾಲ್ಕು ಜನರ ನೆನಪು ಒಂದು ಕಡೆ, ಒಂದು ಗೆರೆ ಇನ್ನೊಂದು ಕಡೆ. ಆದರೆ ನಮ್ಮ ನಾಲ್ವರದು ಸ್ವತಂತ್ರ ಆಧಾರಗಳಲ್ಲ. ರಸ್ತೆಯ ಆ ಬದಿಯಿಂದ ಆಕೆ ಕೂಗಿ ಹೇಳಿದ ಒಂದೇ ಮಾತಿನ ನಾಲ್ಕು ಪ್ರತಿಗಳು. ಪ್ರತಿ ಮಾಡುವಾಗ ನಾವೆಲ್ಲರೂ ಅದನ್ನು ನಮಗೆ ಸುಲಭವಾಗಿ ಕಂಡಂತೆಯೇ ಉಳಿಸಿಕೊಂಡಿದ್ದೇವೆ. ಪರೀಕ್ಷೆಯ ವಾಕ್ಯಗಳಿಗೆ ಹೊಂದದೆ ನಾನು ರದ್ದುಪಡಿಸಿದ ಸೂತ್ರ ಇಲ್ಲಿಗೆ ಹೊಂದುತ್ತದೆ. ಆದ್ದರಿಂದ ಸುಲಭ ಪಾಠವನ್ನು ಮೇಲಿನ ಕಥನದಲ್ಲಿ ಇದ್ದಂತೆಯೇ ಬಿಟ್ಟು, ಕಠಿಣ ಪಾಠವನ್ನು ಸ್ವೀಕರಿಸಿದ್ದೇನೆ: ಆಕೆ ಒಂದು ಕಡೆ ನಿಂತಿದ್ದಳು.